ಸಿಗಲಿಲ್ಲ ಎಂದರೆ ಇಲ್ಲವೆಂದೇ?

ಬಸ್ಸಿನಲ್ಲಿ ಕಿವಿಗೆ ಬಿದ್ದ ಹಾಡು ಯಾವುದೆಂದು ತಿಳಿಯಲು ಇಂದು ಯಾರನ್ನೂ ಕೇಳಬೇಕಾಗಿಲ್ಲ. ಮೊಬೈಲ್ ಹಿಡಿದರೆ ಸಾಕು, ಶಾಝಾಮ್ ಕೆಲವೇ ಕ್ಷಣಗಳಲ್ಲಿ ಹೆಸರು ಹೇಳುತ್ತದೆ. 2002ರಲ್ಲಿ ಬ್ರಿಟನ್ನಿನಲ್ಲಿ ಇದು ಶುರುವಾದಾಗ ಜನ 2580 ಸಂಖ್ಯೆಗೆ ಫೋನ್ ಮಾಡಿ ಹಾಡು ಕೇಳಿಸುತ್ತಿದ್ದರು. ಉತ್ತರ ಎಸ್ಸೆಮ್ಮೆಸ್‌ನಲ್ಲಿ ಬರುತ್ತಿತ್ತು.

ಯಾವ ಕ್ಷಣದಲ್ಲಿ ಯಾವ ಕಂಪನಾಂಕ ಎದ್ದು ಕೇಳುತ್ತದೆ ಎಂಬುದನ್ನು ಚುಕ್ಕಿಗಳಾಗಿ ಗುರುತಿಸಿ, ಅವನ್ನು ಜೋಡಿ ಜೋಡಿಯಾಗಿ ಸೇರಿಸಿ, ಯಂತ್ರ ಹಾಡಿಗೊಂದು ಬೆರಳಚ್ಚು ಮಾಡಿಕೊಳ್ಳುತ್ತದೆ. ಸಂಗ್ರಹದಲ್ಲಿರುವ ಹಾಡುಗಳ ಬೆರಳಚ್ಚುಗಳು ಮೊದಲೇ ಪಟ್ಟಿಯಾಗಿರುವುದರಿಂದ ಅವನ್ನು ಒಂದೊಂದಾಗಿ ಕೇಳಬೇಕಿಲ್ಲ. ನಿಘಂಟಿನಲ್ಲಿ ಪದ ಹುಡುಕಿದಂತೆ ನೇರ ಅಲ್ಲಿಗೇ ಹೋಗಬಹುದು. ಆದರೆ ಹೀಗೆ ಗುರುತಿಸುವುದು ಹಾಡನ್ನಲ್ಲ, ಅದರ ಒಂದು ಧ್ವನಿಮುದ್ರಣವನ್ನು. ಅದೇ ಗಾಯಕಿ ಅದೇ ಕೀರ್ತನೆಯನ್ನು ಕಛೇರಿಯಲ್ಲಿ ಹೊಸದಾಗಿ ಹಾಡಿದರೆ ಬೆರಳಚ್ಚು ಸಾಮಾನ್ಯವಾಗಿ ತಾಳೆಯಾಗುವುದಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಮಾತ್ರ ಮೊದಲ ಸೊಲ್ಲಿಗೇ ತಲೆದೂಗುತ್ತಾರೆ.

ನಮ್ಮ ದಾರ್ಶನಿಕರು ಇದನ್ನು ಪ್ರತ್ಯಭಿಜ್ಞೆ ಎಂದರು. ಹಿಂದೆಂದೋ ಕಂಡ ದೇವದತ್ತನೇ ಈತ ಎಂದು ಗುರುತು ಹಿಡಿಯುವುದು ಅದರ ಹಳೆಯ ಉದಾಹರಣೆ. ಊರು, ಕಾಲ, ವಯಸ್ಸು ಬದಲಾಗಿದ್ದರೂ ಅವನೇ ಇವನು. ಗುನುಗಿದ ಧಾಟಿಯಿಂದಲೇ ಹಾಡು ಹುಡುಕುವ ಸೌಲಭ್ಯವನ್ನು ಗೂಗಲ್ 2020ರಲ್ಲಿ ತಂದಿತು. ಅಜ್ಜಿಗೂ ಯಂತ್ರಕ್ಕೂ ಇರುವ ಅಂತರ ಇನ್ನೂ ಕಿರಿದಾಗಬಹುದು.

ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. ಯಂತ್ರ 'ಸಿಗಲಿಲ್ಲ' ಎಂದಾಗ ನಾವು ತಿಳಿದದ್ದೇನು? ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರು ಅನುಪಲಬ್ಧಿಯನ್ನೂ, ಅಂದರೆ ಕಾಣದಿರುವುದನ್ನೂ, ಒಂದು ಪ್ರಮಾಣವೆಂದು ಒಪ್ಪಿದರು. ಆದರೆ ಒಂದು ಷರತ್ತಿನ ಮೇಲೆ. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡ ಇಲ್ಲ ಎನ್ನಬಹುದು. ಕತ್ತಲಲ್ಲಿ ಕಾಣದಿದ್ದರೆ ಹಾಗೆನ್ನುವಂತಿಲ್ಲ. ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂತಿದ್ದರೆ ಮಾತ್ರ ಕಾಣದಿರುವುದಕ್ಕೆ ಅರ್ಥ.

ಡೇಟಾಬೇಸಿನ ಬೆಳಕು ಬೀಳುವುದು ಯಾರೋ ಮೈಕು ಹಿಡಿದಲ್ಲಿ ಮಾತ್ರ. ಬೀಸುವ ಕಲ್ಲಿನ ಮುಂದೆ ಹುಟ್ಟಿ, ಹಿಟ್ಟಿನ ಜೊತೆಗೇ ಮುಗಿದುಹೋದ ಪದಗಳೆಷ್ಟೋ ಅಲ್ಲಿಲ್ಲ. ಅವುಗಳನ್ನು ಹುಡುಕಿದವರಿಗೆ 'ಸಿಗಲಿಲ್ಲ' ಎಂಬ ಉತ್ತರ ಬರುತ್ತದೆ. ಆ ಉತ್ತರ ಮೆಲ್ಲಗೆ 'ಇರಲಿಲ್ಲ' ಎಂದಾಗುತ್ತದೆ. ಅನ್ಯಾಯ ಶುರುವಾಗುವುದು ಇಲ್ಲಿ.

ಹಾಗಾದರೆ ಎಲ್ಲವನ್ನೂ ಧ್ವನಿಮುದ್ರಿಸಿದರೆ ಸಾಕೇ? ಮುದ್ರಿಸಲೇಬೇಕು. ಆದರೆ ಒಬ್ಬಾಕೆ ಹಾಡಿದ್ದು ಸಂಗ್ರಹ ಸೇರಿದ ಮೇಲೆ, ಅದೇ ಪದವನ್ನು ಪಕ್ಕದೂರಿನವಳು ಬೇರೆಯಾಗಿ ಹಾಡಿದರೆ ಅದು ತಪ್ಪಿನಂತೆ ಕೇಳಿಸತೊಡಗುತ್ತದೆ. ಆದ್ದರಿಂದ ಬೆಳಕಿನಷ್ಟೇ ಕಿವಿಯೂ ಬೇಕು. 'ಸಿಗಲಿಲ್ಲ' ಎಂದು ಪರದೆ ಹೇಳಿದಾಗ, ದೀಪ ಎಲ್ಲಿಯವರೆಗೆ ಇತ್ತು ಎಂದು ಕೇಳಿಕೊಳ್ಳೋಣ. ಆಮೇಲೆ, ಆ ಹಾಡು ಬಲ್ಲವರು ಇನ್ನೂ ಯಾರಾದರೂ ಇದ್ದಾರೆಯೇ ಎಂದು ಹೋಗಿ ವಿಚಾರಿಸೋಣ.