ಮೀಸಲಿನ ಮರ್ಮ

'ಮೀಸಲು' ಎಂಬುದು ಕನ್ನಡ ನಾಡಿನ ಮನೆಮನೆಯ ಹಳೆಯ ಮಾತು. ಹಸು ಈದ ಮೇಲೆ ಕೆಲವು ದಿನಗಳ ಹಾಲನ್ನು ದೇವರಿಗೆಂದು ಕಾಯ್ದಿರಿಸುವುದು, ಹೊಸ ತೆನೆ ಮನೆಗೆ ಬಂದಾಗ ಮೊದಲ ಹಿಡಿಯನ್ನು ಬೇರೆ ತೆಗೆದಿಡುವುದು, ಇವೆಲ್ಲ ಮೀಸಲುಗಳು. ಮೀಸಲಾದ ವಸ್ತು ಮನೆಯಲ್ಲಿಯೇ ಇರುತ್ತದೆ. ಮನೆಯವರ ಕೈಗೆ ನಿಲುಕುವಂತೆಯೇ ಇರುತ್ತದೆ. ಆದರೂ ಅದು ಮನೆಯವರದಲ್ಲ. ಹಸಿದ ಮಗುವಾದರೂ ಅದನ್ನು ಮುಟ್ಟುವುದಕ್ಕೆ ಮುಂಚೆ ತಾಯಿಯ ಮುಖವನ್ನು ನೋಡುತ್ತದೆ. 'ಮೀಸಲು ಮುರಿಯಿತು' ಎಂದರೆ ಪದಾರ್ಥವು ಕೆಟ್ಟಿತೆಂದು ಅರ್ಥವಲ್ಲ. ಅದು ಯಾರಿಗೆ ಸಲ್ಲಬೇಕಾಗಿದ್ದಿತೋ ಅವರಿಗೆ ಸಲ್ಲದೆ ಹೋಯಿತೆಂದು ಅರ್ಥ.

ಕಾಲವು ಬದಲಾಗಿದೆ. ಎತ್ತು ಬಂಡಿಗಳಿದ್ದ ಅಂಗಳದಲ್ಲಿ ಇಂದು ಮೋಟಾರ್ ಸೈಕಲ್ಲು ನಿಂತಿದೆ. ಆಶ್ಚರ್ಯದ ಸಂಗತಿಯೆಂದರೆ, ಆ ಯಂತ್ರದ ಹೊಟ್ಟೆಯಲ್ಲಿಯೂ ಒಂದು ಮೀಸಲು ಉಂಟು. ಸವಾರರು ಅದನ್ನು 'ರಿಸರ್ವ್' ಎನ್ನುತ್ತಾರೆ. 'ಗಾಡಿ ರಿಸರ್ವಿಗೆ ಬಂತು' ಎಂಬ ಮಾತನ್ನು ಕೇಳದ ಊರಿಲ್ಲ. ಆದರೆ ಆ ಮಾತನ್ನಾಡುವವರಲ್ಲಿ ಎಷ್ಟು ಮಂದಿ ಅದರ ಮರ್ಮವನ್ನು ವಿಚಾರಿಸಿದ್ದಾರೆ?

ಹಳೆಯ ಮಾದರಿಯ ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಒಂದು ಸಣ್ಣ ನಲ್ಲಿ ಇರುತ್ತದೆ. ಮೀಸಲು ಪೆಟ್ರೋಲಿಗೆ ಬೇರೊಂದು ಪಾತ್ರೆ ಇದೆಯೆಂದು ಅನೇಕರು ತಿಳಿದಿರುತ್ತಾರೆ. ಅದು ಹಾಗಲ್ಲ. ಟ್ಯಾಂಕು ಒಂದೇ, ಪೆಟ್ರೋಲು ಒಂದೇ, ನಡುವೆ ಗೋಡೆಯಿಲ್ಲ. ನಲ್ಲಿಯಿಂದ ಟ್ಯಾಂಕಿನೊಳಕ್ಕೆ ಎರಡು ದಾರಿಗಳು ಮಾತ್ರ ಉಂಟು. ಒಂದು ಎತ್ತರದ ಕೊಳವೆಯ ಬಾಯಿ, ಮತ್ತೊಂದು ತಳದ ಸಮೀಪದ ಬಾಯಿ. ನಲ್ಲಿಯು ಎಂದಿನ ಸ್ಥಾನದಲ್ಲಿದ್ದಾಗ ಎಂಜಿನ್ನು ಎತ್ತರದ ಬಾಯಿಂದ ಕುಡಿಯುತ್ತದೆ. ಪೆಟ್ರೋಲಿನ ಮಟ್ಟವು ಆ ಬಾಯಿಗಿಂತ ಕೆಳಗಿಳಿದೊಡನೆ ಎಂಜಿನ್ನು ಮುಗ್ಗರಿಸುತ್ತದೆ. ಸವಾರನು ನಲ್ಲಿಯನ್ನು ಮೀಸಲಿನ ಕಡೆಗೆ ತಿರುಗಿಸಿದರೆ ತಳದ ದಾರಿ ತೆರೆದು, ಉಳಿದಿರುವ ಒಂದೆರಡು ಲೀಟರು ಇಳಿದು ಬರುತ್ತದೆ. ಮೀಸಲನ್ನು ಮೀಸಲಾಗಿ ಮಾಡಿರುವುದು ಗೋಡೆಯಲ್ಲ, ಒಂದು ಗೆರೆ. ಇಲ್ಲಿಯವರೆಗೆ ನನ್ನದು, ಇದರಿಂದ ಕೆಳಗೆ ನನ್ನದಲ್ಲ ಎಂಬ ಗೆರೆ. ಮನೆಯ ಹಾಲಿನ ಮೀಸಲಿಗೂ ಇದಕ್ಕಿಂತ ಬೇರೆಯಾದ ಕಾವಲು ಎಲ್ಲಿದೆ?

ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿದ ಸವಾರನು ನಲ್ಲಿಯನ್ನು ಮೊದಲಿನ ಸ್ಥಾನಕ್ಕೆ ತಿರುಗಿಸುವುದನ್ನು ಮರೆಯುತ್ತಾನೆ. ಗಾಡಿ ಚೆನ್ನಾಗಿಯೇ ಓಡುತ್ತದೆ. ಏನೂ ಕೊರತೆ ಕಾಣುವುದಿಲ್ಲ. ಆದರೆ ಎಂಜಿನ್ನು ಈಗ ತಳದ ಬಾಯಿಂದಲೇ ಕುಡಿಯುತ್ತಿದೆ. ಮುಂದಿನ ಸಲ ಮುಗ್ಗರಿಸಿ ಎಚ್ಚರಿಸುವ ಗೆರೆಯೇ ಅಳಿದುಹೋಗಿದೆ. ಕೊನೆಯ ಹನಿ ಮುಗಿದು ಗಾಡಿ ನಿಂತಾಗ ಅವನು ನಲ್ಲಿಗೆ ಕೈಹಾಕಿ ನೋಡುತ್ತಾನೆ. ಅದು ಮೊದಲೇ ಮೀಸಲಿನಲ್ಲಿದೆ! ಸಂಕಟದಲ್ಲಿ ಗೆರೆಯನ್ನು ದಾಟಿದ್ದು ದೋಷವಲ್ಲ. ಮೀಸಲು ಇರುವುದೇ ಸಂಕಟಕ್ಕಾಗಿ. ಸಂಕಟ ಕಳೆದು ಸಮೃದ್ಧಿ ಬಂದ ಮೇಲೆ ಗೆರೆಯನ್ನು ಮರಳಿ ಎಳೆಯದಿದ್ದುದೇ ದೋಷ. ಮದುವೆಗೆಂದು ಒಮ್ಮೆ ಸಾಲ ಮಾಡಿದ ಗೃಹಸ್ಥನು ಸಾಲ ತೀರಿದ ಮೇಲೂ ಅದೇ ಕೈಯಲ್ಲಿ ವೆಚ್ಚ ಮಾಡುವುದು ಇದೇ ಮರೆವು.

2020ರ ಏಪ್ರಿಲ್ 1ರಿಂದ ಭಾರತದಲ್ಲಿ ಬಿ.ಎಸ್. 6 ಎಂಬ ಹೊಗೆ ನಿಯಮವು ಜಾರಿಗೆ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಬಹುಪಾಲಿಗೆ ಆ ನಲ್ಲಿ ಇಲ್ಲವಾಗಿದೆ. ಅದರ ಬದಲಿಗೆ ಮುಳ್ಳು ತೋರಿಸುವ ಅಳತೆ ಮತ್ತು ಒಂದು ಸಣ್ಣ ದೀಪ ಬಂದಿವೆ. ಮುಗ್ಗರಿಸುವ ಎಂಜಿನ್ನನ್ನು ಯಾರೂ ಅಲಕ್ಷಿಸಲಾರರು. ಉರಿಯುವ ದೀಪವನ್ನು ಅಲಕ್ಷಿಸುವುದು ಸುಲಭ. ದೀಪ ಹತ್ತಿದೊಡನೆ ಮನಸ್ಸು ಲೆಕ್ಕಕ್ಕೆ ತೊಡಗುತ್ತದೆ. 'ಹೋದ ಸಲ ದೀಪ ಹತ್ತಿದ ಮೇಲೆ 40 ಕಿಲೋಮೀಟರು ಹೋಗಿದ್ದೆ. ಇಂದು 30 ಮಾತ್ರ' ಎಂದು ಸಮಾಧಾನ ತಂದುಕೊಳ್ಳುತ್ತದೆ. ಹೋದ ಸಲ ಬಯಲು ದಾರಿಯಿತ್ತು, ಇಂದು ಏರು ದಾರಿ. ಹೋದ ಸಲ ಒಬ್ಬನೇ ಇದ್ದನು, ಇಂದು ಹೆಂಡತಿ ಮಕ್ಕಳಿದ್ದಾರೆ. ಹಿಂದೆ ಒದಗಿದ ಪುಣ್ಯವನ್ನು ಮುಂದಿನ ಹಕ್ಕೆಂದು ಬಗೆಯುವುದು ಮನುಷ್ಯನ ಹಳೆಯ ಭ್ರಮೆ.

ಆ ಮುಳ್ಳಾದರೂ ಪರಮಪ್ರಮಾಣವಲ್ಲ. ಟ್ಯಾಂಕಿನೊಳಗೆ ತೇಲುವ ಒಂದು ಬೆಂಡಿನ ಏರಿಳಿತವನ್ನು ಅದು ತೋರಿಸುತ್ತದೆ. ಗಾಡಿ ಓರೆಯಾಗಿ ನಿಂತರೆ ಪೆಟ್ರೋಲು ಒಂದು ಮಗ್ಗುಲಿಗೆ ಸರಿಯುತ್ತದೆ, ಬೆಂಡು ಏರುತ್ತದೆ ಇಲ್ಲವೆ ಇಳಿಯುತ್ತದೆ. ಆಗುಂಬೆಯ ತಿರುವುಗಳಲ್ಲಿ, ಚಾರ್ಮಾಡಿಯ ಏರಿನಲ್ಲಿ, ತಳದಲ್ಲಿ ಉಳಿದ ಕೊಂಚ ಪೆಟ್ರೋಲು ಹೀರುವ ಬಾಯಿಯನ್ನು ಬಿಟ್ಟು ಸರಿದು, ಇದ್ದೂ ಇಲ್ಲದಂತಾಗುವುದುಂಟು. ಈಚಿನ ಪೆಟ್ರೋಲ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ. ಅದನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ದಿನವೂ ತಳ ಮುಟ್ಟುವವರೆಗೆ ಓಡಿಸಿದರೆ ಪಂಪು ಕಾದು ಬೇಗನೆ ಸವೆಯುತ್ತದೆ. ಡೀಸೆಲ್ ಲಾರಿಯು ಬರಿದಾದರೆ ಕೊಳವೆಗಳಿಗೆ ಗಾಳಿ ಹೊಗುತ್ತದೆ. ಬಳಿಕ ಡೀಸೆಲ್ ಹಾಕಿದರೂ ಅನೇಕ ಲಾರಿಗಳು ಗಾಳಿ ತೆಗೆಯದೆ ಹೊರಡುವುದಿಲ್ಲ. ಬರಿದಾದುದನ್ನು ತುಂಬುವುದು ಬೇರೆ, ಬರಿದಾದ ಜಾಗದಲ್ಲಿ ಹೊಕ್ಕುದನ್ನು ಹೊರಹಾಕುವುದು ಬೇರೆ. ಲಾರಿಯ ಚಾಲಕರು ಬಲ್ಲ ಈ ಮಾತನ್ನು ಸಾಧಕರೂ ಮನನ ಮಾಡಬಹುದು.

ಇನ್ನು ಕೆಲವರು ಉಳಿಸುವ ಆತುರದಲ್ಲಿ ಘಟ್ಟವಿಳಿಯುವಾಗ ಎಂಜಿನ್ನನ್ನೇ ನಿಲ್ಲಿಸುತ್ತಾರೆ. ಇದಕ್ಕಿಂತ ದುಬಾರಿಯಾದ ಉಳಿತಾಯ ಬೇರಿಲ್ಲ. ಕಾರಿನ ಬ್ರೇಕಿಗೆ ನೆರವಾಗುವ ಬಲವು ಸಾಮಾನ್ಯವಾಗಿ ಎಂಜಿನ್ನಿನಿಂದಲೇ ಒದಗುತ್ತದೆ. ಎಂಜಿನ್ನು ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟು ಮಾತ್ರ ಆ ನೆರವು ಉಳಿದಿರುತ್ತದೆ. ಆಮೇಲೆ ಪೆಡಲು ಕಲ್ಲಿನಂತೆ ಬಿಗಿಯುತ್ತದೆ. ಸ್ಟಿಯರಿಂಗೂ ಭಾರವಾಗುತ್ತದೆ. ಈಚಿನ ಎಂಜಿನ್ನುಗಳಲ್ಲಿ ಗೇರಿನಲ್ಲಿಯೇ ಇಳಿಯುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನವು ತಾನಾಗಿಯೇ ನಿಲ್ಲುತ್ತದೆ, ಬ್ರೇಕಿನ ಬಲವೂ ಉಳಿಯುತ್ತದೆ. ಹೀಗಿರಲು, ಯಂತ್ರವನ್ನು ನಿಲ್ಲಿಸಿ ಹಿಂದೆ ಕುಳಿತವರ ಪ್ರಾಣವನ್ನು ಪಣಕ್ಕೊಡ್ಡಿ ಅವನು ಉಳಿಸಿದ್ದಾದರೂ ಏನು?

ಈಗ ಮುಖ್ಯ ಪ್ರಶ್ನೆಗೆ ಬರಬಹುದು. ಆ ಮೀಸಲು ಯಾರದು? ಹಣ ಕೊಟ್ಟವನು ಚಾಲಕ, ಆದುದರಿಂದ ಪೆಟ್ರೋಲು ಅವನದು ಎಂದು ಲೋಕವು ಹೇಳುತ್ತದೆ. ಆದರೆ ಗಾಡಿ ನಡುದಾರಿಯಲ್ಲಿ ನಿಂತಾಗ ಕಷ್ಟಪಡುವವನು ಅವನೊಬ್ಬನೇ ಅಲ್ಲ. ಹಿಂದೆ ಕುಳಿತವರು ಉಂಟು. ಕತ್ತಲೆಯಲ್ಲಿ ನಿಂತ ಗಾಡಿಯನ್ನು ಕಾಣದೆ ಹಿಂದಿನಿಂದ ಬರುವವರು ಉಂಟು. ಮನೆಯಲ್ಲಿ ದಾರಿ ನೋಡುವವರು ಉಂಟು. ಆ ಒಂದೆರಡು ಲೀಟರು ಇವರೆಲ್ಲರಿಗಾಗಿ ಚಾಲಕನ ಕೈಯಲ್ಲಿಟ್ಟ ನ್ಯಾಸ.

ಈ ನ್ಯಾಸವು ಕೈಬಿಟ್ಟಾಗ ಏನಾಗುತ್ತದೆಂಬುದಕ್ಕೆ ಆಕಾಶಮಾರ್ಗದ ಒಂದು ದಾರುಣ ದೃಷ್ಟಾಂತವಿದೆ. 1990ರ ಜನವರಿ 25ರಂದು ಏವಿಯಾಂಕಾ ಸಂಸ್ಥೆಯ 52ನೆಯ ಸಂಖ್ಯೆಯ ವಿಮಾನವು ಕೊಲಂಬಿಯಾ ದೇಶದಿಂದ ನ್ಯೂಯಾರ್ಕಿಗೆ 158 ಜನರನ್ನು ಹೊತ್ತು ಬಂದಿತು. ಹವಾಮಾನ ಕೆಟ್ಟು ವಿಮಾನಗಳ ಸಾಲು ಬೆಳೆದಿದ್ದುದರಿಂದ ಅದು 1 ಗಂಟೆಗಿಂತ ಹೆಚ್ಚು ಕಾಲ ಆಕಾಶದಲ್ಲಿಯೇ ಸುತ್ತುತ್ತ ಕಾಯಬೇಕಾಯಿತು. ಇಳಿಯುವ ಮೊದಲ ಯತ್ನವು ಕೈಗೂಡಲಿಲ್ಲ. ಇಂಧನವು ಕಡಿಮೆಯಾಗುತ್ತಿದೆಯೆಂದು ಸಹಚಾಲಕನು ನೆಲದವರಿಗೆ ತಿಳಿಸಿದ್ದನು; ಆದರೆ ಪ್ರಾಣಾಪಾಯವನ್ನು ಸೂಚಿಸುವ 'ಎಮರ್ಜೆನ್ಸಿ' ಎಂಬ ಒಂದು ಶಬ್ದವು ಅವನ ಬಾಯಿಂದ ಅವರಿಗೆ ಮುಟ್ಟಲಿಲ್ಲ. ಎರಡನೆಯ ಯತ್ನಕ್ಕೆ ಮುಂಚೆಯೇ ಎಂಜಿನ್ನುಗಳು ಒಂದೊಂದಾಗಿ ಆರಿ, ವಿಮಾನವು ಲಾಂಗ್ ಐಲೆಂಡಿನ ಒಂದು ಗುಡ್ಡದ ಮೇಲೆ ಬಿದ್ದಿತು. 73 ಜನರು ಮಡಿದರು. ಇಂಧನದ ಕೊರತೆಯೊಡನೆ ಮಾತಿನ ಕೊರತೆಯೂ ಸೇರಿದುದರ ಫಲವಿದು. ಮನೆಯೊಡೆಯನು ತನ್ನ ಕೊರತೆಯನ್ನು ಹೆಂಡತಿ ಮಕ್ಕಳ ಮುಂದೆ ಅರೆಬಾಯಲ್ಲಿ ಆಡಿ, 'ಹೇಳಿದ್ದೆನಲ್ಲ' ಎಂದುಕೊಳ್ಳುವುದುಂಟು. ಕೇಳಿದವರಿಗೆ ತಿಳಿಯುವಂತೆ ಹೇಳದಿದ್ದರೆ ಹೇಳಿದಂತಾಗದು.

ವಿಮಾನಯಾನದ ಅಂತಾರಾಷ್ಟ್ರೀಯ ನಿಯಮವು ಇಂದು ಸ್ಪಷ್ಟವಾಗಿದೆ. ಜೆಟ್ ವಿಮಾನವು ನೆಲ ಮುಟ್ಟುವಾಗಲೂ ಅದರಲ್ಲಿ ಇನ್ನೂ 30 ನಿಮಿಷ ಹಾರುವಷ್ಟು ಇಂಧನ ಉಳಿದಿರಬೇಕು. ಅಷ್ಟು ಉಳಿಯಲಾರದೆಂದು ಕಂಡುಬಂದರೆ, ಅದು ಮುಗಿಯುವುದಕ್ಕೆ ಮುಂಚೆಯೇ, 'ಮೇಡೇ' ಎಂಬ ಆಪತ್ತಿನ ಕೂಗನ್ನು ಮೂರು ಸಲ ಕೂಗಿ ಇಂಧನದ ಹೆಸರು ಹೇಳಲೇಬೇಕು. ಬಳಸುವುದಕ್ಕಾಗಿ ಅಲ್ಲ, ಬಳಸದೆ ಉಳಿಸುವುದಕ್ಕಾಗಿ ಹೊತ್ತು ತರುವ ಇಂಧನವಿದು. ಇದಲ್ಲವೆ ಮೀಸಲು?

ಇಲ್ಲಿ ಸದ್ಭಕ್ತರಲ್ಲಿ ಒಂದು ಸಂದೇಹವು ಹುಟ್ಟುವುದು ಸಹಜ. ನಾಳೆಗೆಂದು ಕೂಡಿಡುವುದನ್ನು ಶರಣರು ನಿರಾಕರಿಸಿದರಲ್ಲವೆ? ಬಿದ್ದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಆಯ್ದಕ್ಕಿ ಲಕ್ಕಮ್ಮನು ಆ ಹೆಚ್ಚಿನದನ್ನು ತಂದಲ್ಲಿಗೇ ಮರಳಿಸಿ ಬರುವಂತೆ ಕಳುಹಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಹಾಗಾದರೆ ಮೀಸಲಿಡುವುದು ಶರಣಧರ್ಮಕ್ಕೆ ಒಪ್ಪುವುದೆಂತು?

ಚೆನ್ನಾಗಿ ವಿಚಾರಿಸಿದರೆ ಈ ಎರಡಕ್ಕೂ ವಿರೋಧವಿಲ್ಲ. ಲಕ್ಕಮ್ಮನು ಒಲ್ಲೆನೆಂದುದು ಅಕ್ಕಿಯನ್ನಲ್ಲ. ತಮ್ಮದಲ್ಲದುದನ್ನು ತಮ್ಮದೆನ್ನುವ ಆಸೆಯನ್ನು. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಿನದು ಪರರ ಪಾಲು ಎಂಬುದು ಆಕೆಯ ನಿಶ್ಚಯ. ಸಂಗ್ರಹವು 'ನನಗಾಗಿ' ಎನ್ನುತ್ತದೆ, ಮೀಸಲು 'ನನಗಲ್ಲ' ಎನ್ನುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಒಳಗಿನ ಭಾವ ಮಾತ್ರ ಪೂರ್ವಪಶ್ಚಿಮ. ಮೀಸಲನ್ನು ಸುಟ್ಟುಕೊಂಡು ಓಡುವ ಚಾಲಕನು ತ್ಯಾಗಿಯಲ್ಲ. ಪರರ ಪಾಲನ್ನು ಉಂಡವನು. ಮಾರಯ್ಯನ ಸೆರಗಿನ ಹೆಚ್ಚಿನ ಅಕ್ಕಿಗೂ ಟ್ಯಾಂಕಿನ ತಳದ ಪೆಟ್ರೋಲಿಗೂ ಅನ್ವಯಿಸುವ ನೀತಿ ಒಂದೇ.

'ಶಿವನಿದ್ದಾನೆ, ಮುಟ್ಟಿಸುತ್ತಾನೆ' ಎಂದು ಬಂಕನ್ನು ದಾಟಿ ಹೋಗುವವರೂ ಉಂಟು. ಉಳವಿಯ ಯಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗುವ ಭಕ್ತರನ್ನು ಅವರು ನೋಡಬೇಕು. ಚೆನ್ನಬಸವಣ್ಣನವರ ಮೇಲೆ ಅವರಿಗಿರುವ ನಿಷ್ಠೆಗೆ ಕೊರತೆಯಿಲ್ಲ. ಆದರೂ ಬಂಡಿಯ ಅಡಿಯಲ್ಲಿ ಎತ್ತಿನ ಮೇವನ್ನು ಕಟ್ಟದೆ ಅವರು ಕಾಡಿನ ದಾರಿ ಹಿಡಿಯುವುದಿಲ್ಲ. ಎತ್ತಿನ ಹಸಿವನ್ನು ಅರಿಯುವುದೇ ಅವರ ಭಕ್ತಿಯ ಮೊದಲ ಮೆಟ್ಟಲು. ತನ್ನ ಕೈಯಲ್ಲಿರುವ ಕಾರ್ಯವನ್ನು ಬಿಟ್ಟು ಅದನ್ನು ಶಿವನ ತಲೆಗೆ ಕಟ್ಟುವುದು ನಂಬಿಕೆಯಲ್ಲ, ಆಲಸ್ಯ.

ಇನ್ನೊಂದು ಮಾತು. ಹಳ್ಳಿಯ ಅನೇಕ ಓಣಿಗಳಲ್ಲಿ ರಾತ್ರಿಯ ಹೊತ್ತು ಇರುವುದು ಒಂದೋ ಎರಡೋ ವಾಹನಗಳು. ನಡುರಾತ್ರಿಯಲ್ಲಿ ಬಾಗಿಲು ಬಡಿಯುವ ಸದ್ದಾಗುತ್ತದೆ. ನೆರೆಯವನಿಗೆ ಹಾವು ಕಚ್ಚಿದೆ, ಅಥವಾ ನೆರೆಮನೆಯ ಹೆಣ್ಣುಮಗಳಿಗೆ ಹೆರಿಗೆಯ ನೋವು ಬಂದಿದೆ. ಆಂಬುಲೆನ್ಸಿಗೆ ಹೇಳಿಯಾಗಿದೆ, ಅದು ಬರುವುದು ತಡ, ಬಂಕು ಮುಚ್ಚಿದೆ. 'ಗಾಡಿ ಇದೆ, ಪೆಟ್ರೋಲಿಲ್ಲ' ಎಂದು ಹೇಳುವ ಬಾಯಿಗಿಂತ ಬಡ ಬಾಯಿ ಯಾವುದು? ಬಾಗಿಲಿಗೆ ಬಂದ ಕಷ್ಟವನ್ನು ಜಂಗಮವೆಂದು ಬಗೆದರೆ, ಆ ಹೊತ್ತು ಟ್ಯಾಂಕಿನಲ್ಲಿರುವ ಎರಡು ಲೀಟರೇ ದಾಸೋಹದ ಸಾಮಗ್ರಿ. ದಿನದ ದುಡಿಮೆ ಮುಗಿಸಿ ಬರುವ ದಾರಿಯಲ್ಲಿ ಬಂಕಿನ ಮುಂದೆ ಐದು ನಿಮಿಷ ನಿಂತವನು, ತಾನು ಇನ್ನೂ ಕಾಣದ ಅತಿಥಿಗೆ ಎಡೆಯಿಟ್ಟಂತಾಯಿತು.

ಇದನ್ನು ಓದಿ ಯಾರೂ ಪೆಟ್ರೋಲನ್ನು ಬಾಟಲಿಗಳಲ್ಲಿ ತುಂಬಿ ಮನೆಯೊಳಗೆ ಇಡಬಾರದು. ಅದರ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ಒಲೆಯ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಮೀಸಲಿನ ಸ್ಥಾನ ಟ್ಯಾಂಕು. ಕಾಲುಭಾಗಕ್ಕೆ ಇಳಿದಾಗ ತುಂಬಿಸುವುದು ಗೃಹಸ್ಥನಿಗೆ ಸುಲಭವಾದ ನೇಮ. ತುಂಬಿಸಿದವರಿಗೂ ಕಾಲಿನವರೆಗೆ ಬಳಸಿದವರಿಗೂ ಒಟ್ಟು ವೆಚ್ಚದಲ್ಲಿ ಭೇದವಿಲ್ಲ. ಒಮ್ಮೆ ಮಾತ್ರ ಆ ಕಾಲುಭಾಗದ ಹಣವು ಮುಂಗಡವಾಗಿ ಹೋಗುತ್ತದೆ. ಒಂದು ನೇಮಕ್ಕೆ ಇಷ್ಟು ಕಡಿಮೆ ಕಾಣಿಕೆಯನ್ನು ಕೇಳುವ ವ್ರತ ಮತ್ತೊಂದಿಲ್ಲ.

ಹಳೆಯ ಗಾಡಿಯುಳ್ಳವರು ಇಂದು ಸಂಜೆ ಬಗ್ಗಿ ನೋಡಲಿ, ನಲ್ಲಿ ಯಾವ ಕಡೆಗೆ ತಿರುಗಿದೆಯೆಂದು. ಹೊಸ ಗಾಡಿಯುಳ್ಳವರು ದೀಪಕ್ಕೆ ಕಾಯದೆ ಮುಳ್ಳನ್ನು ನೋಡಲಿ. ಕೊರತೆಯಿದ್ದರೆ ನಾಳೆಯ ಕೆಲಸಕ್ಕೆ ಮುಂಚೆ ಅದನ್ನು ತುಂಬಿಸಲಿ. ಎಲ್ಲರ ಪಯಣವೂ ಸುಖವಾಗಿ ಮುಟ್ಟಲಿ.