ಯಾವ ಬಾಟಲಿ ನಮ್ಮದು?

ಇಂಗ್ಲೆಂಡಿನ ಯಾವ ಊರಿನ ಇಂಡಿಯನ್ ಹೋಟೆಲಿಗೆ ಹೋದರೂ ಬಿಯರ್ ಪಟ್ಟಿಯಲ್ಲಿ ಎರಡು ಹೆಸರು ಸಾಮಾನ್ಯವಾಗಿ ಇದ್ದೇ ಇರುತ್ತವೆ: ಕಿಂಗ್‌ಫಿಷರ್, ಕೋಬ್ರಾ. ಜೊತೆಗೆ ಬಂದ ಇಂಗ್ಲಿಷ್ ಸಹೋದ್ಯೋಗಿ "ಇದು ನಿಮ್ಮ ಕಡೆಯದಲ್ವಾ?" ಅಂತ ಕೇಳುತ್ತಾರೆ. ನಾವು ಹೌದು ಅಂತ ತಲೆ ಆಡಿಸುತ್ತೇವೆ, ಸ್ವಲ್ಪ ಹೆಮ್ಮೆಯಿಂದಲೇ. ಕುಡಿಯದವರೂ ಆಡಿಸುತ್ತಾರೆ! ಕುಡಿಯೋದು ಸರಿಯೋ ತಪ್ಪೋ ಅನ್ನೋ ವಿಷಯ ಪಕ್ಕಕ್ಕಿರಲಿ. ನಾನು ಕೇಳಬೇಕೆಂದಿರುವುದು ಆ ತಲೆ ಆಡಿಸುವಿಕೆಯ ಬಗ್ಗೆ. 'ನಮ್ಮದು' ಅನ್ನುವಾಗ ನಾವು ಏನನ್ನು ಒಪ್ಪಿಕೊಳ್ಳುತ್ತಿದ್ದೇವೆ?

ಎಲ್ಲಿ ತಯಾರಾಯಿತು ಅನ್ನೋದನ್ನೇ ಅಳತೆಗೋಲು ಮಾಡಿಕೊಳ್ಳೋಣ. ಹೈದರಾಬಾದಿನಲ್ಲಿ ಹುಟ್ಟಿದ ಕರಣ್ ಬಿಲಿಮೋರಿಯಾ ಕೋಬ್ರಾ ಕಂಪನಿ ಶುರು ಮಾಡಿದ್ದು 1989ರಲ್ಲಿ, ಇಂಗ್ಲೆಂಡಿನಲ್ಲಿ. ಊಟದ ಜೊತೆ ಹೊಟ್ಟೆ ಉಬ್ಬರಿಸದ, ಗ್ಯಾಸ್ ಕಡಿಮೆ ಇರುವ ಬಿಯರ್ ಬೇಕು ಅನ್ನೋದು ಅವರ ಯೋಚನೆ. ಮೊದಲ ಬಾಟಲಿಗಳು ತಯಾರಾಗಿ ಬಂದದ್ದು ನಮ್ಮ ಬೆಂಗಳೂರಿನಿಂದಲೇ. ಆದರೆ 1997ರಲ್ಲಿ ತಯಾರಿಕೆ ಇಂಗ್ಲೆಂಡಿಗೆ ಬಂತು. ಕಿಂಗ್‌ಫಿಷರ್ ಕೂಡ ಹಾಗೇ. ಇಲ್ಲಿನವರು ಕುಡಿದ ಕಿಂಗ್‌ಫಿಷರ್ ಬಹಳ ವರ್ಷ ತಯಾರಾದದ್ದು ಕೆಂಟ್ ಜಿಲ್ಲೆಯ ಫೇವರ್‌ಶಾಮ್ ಎಂಬ ಪುಟ್ಟ ಊರಿನಲ್ಲಿ. ನೀರು ಇಲ್ಲಿಯದು, ಕೆಲಸದವರೂ ಇಲ್ಲಿಯವರು. ಹಾಗಾದರೆ ಅದು ನಮ್ಮದಲ್ಲ ಅಂತೀರಾ? ಒಂದು ನಿಮಿಷ. ಇದನ್ನು ಓದುತ್ತಿರುವವರಲ್ಲಿ ಎಷ್ಟೋ ಜನ ಹುಟ್ಟಿದ್ದು ರೆಡಿಂಗ್‌ನಲ್ಲೋ ಲೆಸ್ಟರ್‌ನಲ್ಲೋ, ಹೆಸರು ಮಾತ್ರ ಮಂಡ್ಯದ ಅಜ್ಜಿ ಇಟ್ಟದ್ದು. ಹುಟ್ಟಿದ ಜಾಗ ನೋಡಿ ಯಾರು ನಮ್ಮವರು ಅಂತ ತೀರ್ಮಾನಿಸುವ ಅಳತೆಗೋಲನ್ನು ನಾವೇ ಕೈಗೆತ್ತಿಕೊಳ್ಳಬಾರದು.

ಒಡೆತನ ನೋಡೋಣವೇ? ಅಲ್ಲೂ ಉತ್ತರ ಸಿಗುವುದಿಲ್ಲ. ಕಿಂಗ್‌ಫಿಷರ್ ತಯಾರಿಸುವ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು 1915ರಲ್ಲಿ ಕಟ್ಟಿದವರು ಥಾಮಸ್ ಲೀಶ್‌ಮನ್. ನಡುವೆ ಅದು ಮಲ್ಯ ಕುಟುಂಬದ ಕೈಗೆ ಬಂತು. 2021ರಿಂದ ಅದರ ಹಿಡಿತ ನೆದರ್‌ಲೆಂಡ್ಸ್‌ನ ಹೈನೆಕೆನ್ ಕೈಯಲ್ಲಿದೆ. ಒಡೆಯರು ಬದಲಾದಂತೆಲ್ಲ ನಮ್ಮ ಹೆಮ್ಮೆ ಬರುತ್ತಾ ಹೋಗುತ್ತಾ ಇರಲಿಲ್ಲವಲ್ಲ.

ಇನ್ನು ವಿಸ್ಕಿ. ಇಲ್ಲಿ ಕಾನೂನೇ ಅಳತೆಗೋಲು. ಬ್ರಿಟನ್ನಿನಲ್ಲಾಗಲಿ ಯುರೋಪಿನಲ್ಲಾಗಲಿ ವಿಸ್ಕಿ ಅಂತ ಕರೆಸಿಕೊಳ್ಳಬೇಕಾದರೆ ಧಾನ್ಯದಿಂದ ಮಾಡಿರಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕೂತಿರಬೇಕು. ಭಾರತದಲ್ಲಿ ವಿಸ್ಕಿ ಅನ್ನೋ ಹೆಸರಲ್ಲಿ ಮಾರಾಟವಾಗುವುದರಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್‌. ಅದು ಇಲ್ಲಿ ವಿಸ್ಕಿಯೇ ಅಲ್ಲ. ಈ ಪರೀಕ್ಷೆಯನ್ನು ಪಾಸು ಮಾಡಿದ್ದು ಬೆಂಗಳೂರಿನ ಅಮೃತ್. 1948ರಲ್ಲಿ ಶುರುವಾದ ಆ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಮಾರುಕಟ್ಟೆಗೆ ಬಿಟ್ಟದ್ದು ಎಲ್ಲಿ ಗೊತ್ತಾ? ಗ್ಲಾಸ್ಗೋದಲ್ಲಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ನೂರಕ್ಕೆ 2 ಭಾಗ ಆವಿಯಾದರೆ ನಮ್ಮ ಬಿಸಿಲಿಗೆ 10 ಭಾಗಕ್ಕೂ ಹೆಚ್ಚು ಹೋಗುತ್ತದೆ. ಅದಕ್ಕೇ ಬೇಗ ಮಾಗುತ್ತದೆ. 2010ರ ಆವೃತ್ತಿಯ 'ವಿಸ್ಕಿ ಬೈಬಲ್'ನಲ್ಲಿ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟರು. ಆಮೇಲೆ ತಾನೇ ನಮ್ಮಲ್ಲಿ ಹಲವರು ಅದರ ಹೆಸರು ಕೇಳಿದ್ದು? ಬೇರೆಯವರು ಅಂಕ ಕೊಟ್ಟ ಮೇಲೆ 'ನಮ್ಮದು' ಅನ್ನೋದು ಸುಲಭ.

ನನ್ನನ್ನು ಕಾಡುವ ಪ್ರಶ್ನೆ ಇರುವುದು ಇಲ್ಲೇ. ಊರಲ್ಲಿ ನಮ್ಮಂಥ ಎಷ್ಟೋ ಮನೆಗಳಲ್ಲಿ ಕುಡಿತದ ಮಾತೇ ಎತ್ತುವಂತಿರಲಿಲ್ಲ. ಹೆಸರು ಹೇಳೋಕೂ ಸಂಕೋಚ, ಅದಕ್ಕೇ 'ಗುಂಡು', 'ಎಣ್ಣೆ' ಅಂತ ಅಡ್ಡಹೆಸರುಗಳು. (ಇಲ್ಲಿ ಬೆಳೆದ ಮಕ್ಕಳಿಗೆ: 'ಎಣ್ಣೆ ಹೊಡೆಯೋದು' ಅಂದರೆ ಒಗ್ಗರಣೆ ಹಾಕೋದಲ್ಲ!) ಬಾಟಲಿ ಮನೆಗೆ ಬಂದರೆ ನ್ಯೂಸ್‌ಪೇಪರ್ ಸುತ್ತಿಕೊಂಡೇ ಬರಬೇಕು. ಅದೇ ಜನ ಇಲ್ಲಿ ಅಮೃತ್ ಬಾಟಲಿಯನ್ನು ಗಾಜಿನ ಕಪಾಟಿನಲ್ಲಿ ಇಡುತ್ತೇವೆ, ಬಾಸ್‌ಗೆ ಉಡುಗೊರೆ ಕೊಡುತ್ತೇವೆ. ಬೂಟಾಟಿಕೆ ಅಂದುಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಊರಿನ ಆ ಸಂಕೋಚಕ್ಕೆ ಕಾರಣ ಇತ್ತು. ಸಂಬಳದ ದಿನ ಗಂಡ ಎಷ್ಟು ಹೊತ್ತಿಗೆ ಬರುತ್ತಾನೋ, ಕೈಯಲ್ಲಿ ಎಷ್ಟು ಉಳಿಸಿಕೊಂಡು ಬರುತ್ತಾನೋ ಅಂತ ಬಾಗಿಲಲ್ಲಿ ಕಾಯುವ ಹೆಂಗಸರನ್ನು ಎಲ್ಲರೂ ನೋಡಿದ್ದರು. ವಿಮಾನ ಹತ್ತುವಾಗ ನಾವು ಆ ನೆನಪನ್ನು ಅಲ್ಲೇ ಬಿಟ್ಟು ಬಂದೆವು, ಅಷ್ಟೇ.

ಕರ್ನಾಟಕ ಸರ್ಕಾರ 2007ರಲ್ಲಿ ಸಾರಾಯಿ ನಿಷೇಧ ಮಾಡಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, 90 ಎಂಎಲ್ ಟೆಟ್ರಾ ಪ್ಯಾಕ್ ಬಂತು. ಇಲ್ಲಿನ ಒಳ್ಳೆಯ ಅಂಗಡಿಗಳಲ್ಲಿ ಸಿಗುವ ಪಾಲ್ ಜಾನ್ ಸಿಂಗಲ್ ಮಾಲ್ಟ್ ಮಾಡುವ ಕಂಪನಿಯೇ ಊರಿನ ವೈನ್‌ಶಾಪಿನ ಒರಿಜಿನಲ್ ಚಾಯ್ಸ್ ಮಾಡುವುದು. ಎರಡೂ ಒಂದೇ ಮನೆಯ ಮಕ್ಕಳು. ಒಂದನ್ನು ಮಾತ್ರ ಎತ್ತಿ ಆಡಿಸುತ್ತೇವೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಸುಮಾರು 200 ಕಿಲೋಮೀಟರ್. ಅವರು ಮಾತಾಡುತ್ತಿದ್ದದ್ದೂ 'ಇಂಡಿಯನ್ ವಿಸ್ಕಿ'ಯ ಬಗ್ಗೆಯೇ.

ಇನ್ನೊಂದು ಮಾತು. ಕನ್ನಡದ ಅತಿ ಪ್ರೀತಿಯ ಕುಡುಕ ಯಾರು? ಜಿ. ಪಿ. ರಾಜರತ್ನಂ ಅವರ ರತ್ನ. ಅವನು ಕುಡಿಯೋದು ಹೆಂಡ, ಮರದಿಂದ ಇಳಿಸಿದ್ದು. ಅದನ್ನು ಇಳಿಸುತ್ತಿದ್ದ ಈಡಿಗರ ಕಸುಬಿಗೆ ಊರಲ್ಲಿ ಸಿಕ್ಕಿದ್ದು ಮರ್ಯಾದೆಗಿಂತ ಹೆಚ್ಚು ಮೂದಲಿಕೆ. ತಾಜಾ ಹೆಂಡ ಕೆಲವೇ ಗಂಟೆಯಲ್ಲಿ ಹುಳಿಯಾಗುತ್ತದೆ, ಗ್ಲಾಸ್ಗೋಗೆ ಬರುವುದಿಲ್ಲ. ಮಣ್ಣಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ನಮ್ಮದಾದದ್ದನ್ನು ನಾವು ಇಲ್ಲಿ ಹುಡುಕುವುದೂ ಇಲ್ಲ, ನೆನೆಸಿಕೊಳ್ಳುವುದೂ ಇಲ್ಲ.

ಹಾಗಂತ ಕಪಾಟಿನ ಬಾಟಲಿಯನ್ನು ಸಿಂಕಿಗೆ ಸುರಿಯಬೇಕಾಗಿಲ್ಲ. ಆ ಕೆಲಸದ ಹಿಂದೆ ಜಾಣತನವಿದೆ, ತಾಳ್ಮೆಯಿದೆ, ಹೆಮ್ಮೆ ಪಡುವಂಥದ್ದೇ. ನನಗನ್ನಿಸುವುದು ಇಷ್ಟು: ಮನೆ ನಮ್ಮದು ಅಂದವರು ಬಾಡಿಗೆಯನ್ನೂ ತಗೋತಾರೆ, ಸೋರುವ ಮಾಡನ್ನೂ ರಿಪೇರಿ ಮಾಡಿಸುತ್ತಾರೆ. 'ನಮ್ಮದು' ಅನ್ನೋ ಮಾತಿಗೆ ಲಾಭ ಎಷ್ಟೋ ಹೊಣೆಯೂ ಅಷ್ಟೇ. ಬೆಂಗಳೂರಿನ ಮಾಲ್ಟ್ ನಮ್ಮದಾದರೆ ಚಿತ್ರದುರ್ಗದ ರಸ್ತೆಯಲ್ಲಿ ನಡೆದವರ ದೂರೂ ನಮ್ಮದೇ. ದೂರ ಇದ್ದೇವೆ ಅನ್ನೋ ಕಾರಣಕ್ಕೆ ಒಂದನ್ನಿಟ್ಟುಕೊಂಡು ಇನ್ನೊಂದನ್ನು ಬಿಡೋಕಾಗುವುದಿಲ್ಲ.

ಇದರಿಂದ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮುಂದಿನ ಸಲ ಯಾರಾದರೂ "ಇದು ನಿಮ್ಮ ಕಡೆಯದಲ್ವಾ?" ಅಂದಾಗ ಹೌದು ಅನ್ನಿ. ಗ್ಲಾಸ್ಗೋ ಕಥೆ ಹೇಳಿ, ಆವಿಯಾಗುವ ಲೆಕ್ಕ ಹೇಳಿ. ಅಲ್ಲಿಗೇ ನಿಲ್ಲಿಸದೆ ಟೆಟ್ರಾ ಪ್ಯಾಕಿನ ಕಥೆಯನ್ನೂ ಹೇಳಿ. ಮೇಜಿನ ಸುತ್ತ ಒಂದೆರಡು ನಿಮಿಷ ಮಾತು ನಿಲ್ಲಬಹುದು. ಪಕ್ಕದಲ್ಲಿ ಕೂತ ಹದಿನಾರರ ಮಗಳು ಮಾತ್ರ "ಆ ಹೆಂಗಸರು ಆಮೇಲೆ ಏನಾದರು?" ಅಂತ ಕೇಳಿದರೂ ಕೇಳಬಹುದು.