ಪರೀಕ್ಷೆಗೊಂದು ಸತ್ಯ, ಪ್ರಾರ್ಥನೆಗೊಂದು ಸತ್ಯವೇ?



ಒಂದು ಭಾನುವಾರ ಪೂಜೆ ಮುಗಿಸಿ ದೇವಾಲಯದಿಂದ ಹೊರಬರುತ್ತಿದ್ದೆ. ಒಬ್ಬ ತಾಯಿ ಒಂಬತ್ತನೇ ತರಗತಿಯ ಮಗನ ಕೈಹಿಡಿದು ನಿಂತಿದ್ದರು. "ಫಾದರ್, ಇವನಿಗೆ ನೀವೇ ಬುದ್ಧಿ ಹೇಳಿ. ಇನ್ನು ಧರ್ಮೋಪದೇಶದ ತರಗತಿಗೆ ಬರುವುದಿಲ್ಲ ಎನ್ನುತ್ತಾನೆ" ಎಂದರು.

ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ. ಶಾಲೆಯಿಂದ ಶಾಲ್ಮಲಾ ನದಿಯ ಸಹಸ್ರಲಿಂಗಕ್ಕೂ ಯಲ್ಲಾಪುರದ ಮಾಗೋಡು ಜಲಪಾತಕ್ಕೂ ಪ್ರವಾಸ ಹೋಗಿದ್ದರಂತೆ. ಬೇಡ್ತಿ ನದಿ ಧುಮುಕುವ ಆ ಆಳವಾದ ಕಣಿವೆಯನ್ನು ತೋರಿಸಿ ಮೇಷ್ಟರು, "ಇದನ್ನು ನೀರೇ ಕೊರೆದದ್ದು, ಲಕ್ಷಾಂತರ ವರ್ಷ ಹಿಡಿದಿದೆ. ಭೂಮಿಗೆ 454 ಕೋಟಿ ವರ್ಷ" ಎಂದರಂತೆ. ಮನೆಗೆ ಬಂದರೆ ಅಜ್ಜ, "ಅದೆಲ್ಲ ಸುಳ್ಳು, ಬೈಬಲ್ ಪ್ರಕಾರ ಆರು ಸಾವಿರ ವರ್ಷ" ಎಂದರು. ಹುಡುಗ ನನ್ನನ್ನು ಕೇಳಿದ್ದು ಒಂದೇ ಮಾತು: "ಫಾದರ್, ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?"

ಆ ಪ್ರಶ್ನೆ ನನಗೆ ಹೊಸದಲ್ಲ. ಗುರುದೀಕ್ಷೆ ಪಡೆದ ಹೊಸತರಲ್ಲಿ ಇನ್ನೊಬ್ಬ ಹುಡುಗ ಇದನ್ನೇ ಕೇಳಿದ್ದ. ಆಗ ನಾನು, "ಪರೀಕ್ಷೆಯಲ್ಲಿ ಪುಸ್ತಕದಲ್ಲಿ ಇರುವುದನ್ನು ಬರೆ, ಮನಸ್ಸಿನಲ್ಲಿ ಬೈಬಲನ್ನು ನಂಬು" ಎಂದು ಬೆನ್ನು ತಟ್ಟಿ ಕಳುಹಿಸಿದೆ. ಜಾಣ ಉತ್ತರ ಕೊಟ್ಟೆ ಎಂದುಕೊಂಡಿದ್ದೆ. ಆದರೆ ನಾನು ಅವನಿಗೆ ಕಲಿಸಿದ್ದೇನು? ಲೋಕದಲ್ಲಿ ಎರಡು ಸತ್ಯಗಳಿವೆ, ದೇವಾಲಯದೊಳಗಿನ ಸತ್ಯ ಹೊಸ್ತಿಲು ದಾಟಿದರೆ ನಡೆಯುವುದಿಲ್ಲ ಎಂದು. ಅವನು ಬರಬರುತ್ತ ದೇವಾಲಯಕ್ಕೆ ಬರುವುದನ್ನೇ ಬಿಟ್ಟ. ಆ ತಪ್ಪಿನ ಪಾಲು ನನ್ನದೂ ಹೌದು.

ಮೊದಲು ಅಜ್ಜನ ಲೆಕ್ಕವನ್ನು ನೋಡೋಣ. ಅಜ್ಜ ಕಟ್ಟುಕಥೆ ಹೇಳಿದವರಲ್ಲ. ಐರ್ಲೆಂಡಿನ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ಜೇಮ್ಸ್ ಅಷರ್ ಎಂಬ ವಿದ್ವಾಂಸರು 1650ರಲ್ಲಿ ಬೈಬಲಿನ ವಂಶಾವಳಿಗಳನ್ನು ಕೂಡಿಸಿ, ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದರು. ಮುಂದೆ ಎಷ್ಟೋ ಇಂಗ್ಲಿಷ್ ಬೈಬಲುಗಳ ಅಂಚಿನಲ್ಲಿ ಆ ಇಸವಿ ಅಚ್ಚಾಯಿತು. ಕಥೋಲಿಕರಾದ ನಾವು ಕ್ರಿಸ್ತಜಯಂತಿಯ ರಾತ್ರಿ ಹಾಡುತ್ತಿದ್ದ ಹಳೆಯ ಘೋಷಣೆಯಲ್ಲಿ ಇದ್ದ ಲೆಕ್ಕ ಬೇರೆ: ಸೃಷ್ಟಿಯಾಗಿ 5199ನೇ ವರ್ಷದಲ್ಲಿ ಕ್ರಿಸ್ತರ ಜನನ. ಯೆಹೂದ್ಯರ ಪಂಚಾಂಗ ಆರಂಭವಾಗುವುದು ಕ್ರಿ.ಪೂ. 3761ರಿಂದ. ವಂಶಾವಳಿಯ ಮೂಲ ಅದೇ, ಲೆಕ್ಕ ಮಾತ್ರ ಮೂರು! ಗ್ರೀಕ್ ಅನುವಾದದಲ್ಲಿ ಮತ್ತು ಹೀಬ್ರೂ ಮೂಲದಲ್ಲಿ ಪಿತಾಮಹರ ವಯಸ್ಸುಗಳೇ ಹೊಂದುವುದಿಲ್ಲ. ಭೂಮಿಯ ವಯಸ್ಸು ತಿಳಿಸುವುದೇ ಪವಿತ್ರಗ್ರಂಥದ ಉದ್ದೇಶವಾಗಿದ್ದರೆ ದೇವರು ನಮ್ಮನ್ನು ಹೀಗೆ ಗೊಂದಲದಲ್ಲಿ ಬಿಡುತ್ತಿದ್ದರೇ?

ಧರ್ಮಸಭೆ ಇದನ್ನು ಮರೆಮಾಚಲಿಲ್ಲ. ರೋಮಿನ ಸಂತಚರಿತಾವಳಿಯ 2001ರ ಪರಿಷ್ಕೃತ ಆವೃತ್ತಿಯಲ್ಲಿ 5199 ಎಂಬ ಅಂಕಿ ಇಲ್ಲ. ಸೃಷ್ಟಿಯಾಗಿ ಎಣಿಕೆಗೆ ಸಿಗದಷ್ಟು ಯುಗಗಳು ಕಳೆದ ಮೇಲೆ ಎಂಬ ಅರ್ಥದ ಮಾತು ಅಲ್ಲಿದೆ. ಇದು ಸೋಲೊಪ್ಪಿಕೊಂಡದ್ದಲ್ಲ, ಪ್ರಾಮಾಣಿಕತೆ.

ಇನ್ನು ಮೇಷ್ಟರ ಲೆಕ್ಕ. ನಮ್ಮ ಸಹಸ್ರಲಿಂಗವನ್ನೇ ನೋಡಿ. ಸೋಂದೆಯ ಅರಸ ಸದಾಶಿವರಾಯನ (1678–1718) ಕಾಲದಲ್ಲಿ ಕೆತ್ತಿದವು ಎನ್ನುತ್ತಾರೆ. ಮುನ್ನೂರಕ್ಕೂ ಹೆಚ್ಚು ಮಳೆಗಾಲಗಳ ನೆರೆ ಅವುಗಳ ಮೇಲೆ ಹರಿದಿದೆ. ಆದರೂ ಇದು ಲಿಂಗ, ಇದು ಬಸವ ಎಂದು ಇಂದಿಗೂ ಗುರುತಿಸಬಹುದು. ಮುನ್ನೂರು ಮಳೆಗಾಲಕ್ಕೆ ಒಂದು ಉಳಿಯ ಗುರುತು ಪೂರ್ತಿ ಅಳಿಸದಿದ್ದರೆ, ಮಾಗೋಡಿನ ಕಣಿವೆಯನ್ನು, ಸಿದ್ದಾಪುರದ ಉಂಚಳ್ಳಿಯಲ್ಲಿ ಅಘನಾಶಿನಿ ಬೀಳುವ ಆ ಪ್ರಪಾತವನ್ನು ಕೊರೆಯಲು ಎಷ್ಟು ಮಳೆಗಾಲ ಬೇಕು? ಇದು ಬರೀ ಅಂದಾಜು. ಆದರೆ ಆರು ಸಾವಿರ ಸಾಲದು ಎಂದು ಕಣ್ಣಿಗೇ ಕಾಣುತ್ತದೆ.

ವಿಜ್ಞಾನಿಗಳ ಬಳಿ ಅಂದಾಜಿಗಿಂತ ಗಟ್ಟಿಯಾದ ಅಳತೆಯಿದೆ. ಕೆಲವು ಕಲ್ಲುಗಳ ಹರಳಿನಲ್ಲಿ ಯುರೇನಿಯಂ ಇರುತ್ತದೆ. ಅದು ತಾನಾಗಿಯೇ ನಿಧಾನವಾಗಿ ಸೀಸವಾಗುತ್ತದೆ. ಅದರ ಮುಖ್ಯ ಬಗೆಯಲ್ಲಿ ಅರ್ಧ ಭಾಗ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಪೀಠದ ಮೇಲಿನ ಮೇಣದ ಬತ್ತಿ ಎಷ್ಟು ಉರಿದಿದೆ ಎಂದು ನೋಡಿ ಪೂಜೆ ಆರಂಭವಾಗಿ ಎಷ್ಟು ಹೊತ್ತಾಯಿತೆಂದು ಹೇಳುವ ಹಾಗೆ, ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸವಾಗಿದೆ ಎಂದು ಅಳೆದು ಕಲ್ಲಿನ ವಯಸ್ಸು ಹೇಳುತ್ತಾರೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. 1956ರಲ್ಲಿ ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು ಭೂಮಿಗೆ 455 ಕೋಟಿ ವರ್ಷ ಎಂದರು. ಇಂದಿಗೂ ಆ ಲೆಕ್ಕ ಹೆಚ್ಚು ಬದಲಾಗಿಲ್ಲ.

ಕಲ್ಲಿನ ಪದರಗಳನ್ನು ಓದಲು ಕಲಿಸಿದವರಲ್ಲಿ ಮೊದಲಿಗರು ಡೆನ್ಮಾರ್ಕಿನ ನಿಕೋಲಾಸ್ ಸ್ಟೆನೋ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು 1669ರಲ್ಲಿ ಬರೆದವರು. ಅವರೇ 1675ರಲ್ಲಿ ಕಥೋಲಿಕ ಗುರುಗಳಾದರು, ಎರಡು ವರ್ಷಗಳ ನಂತರ ಧರ್ಮಾಧ್ಯಕ್ಷರೂ ಆದರು. 1988ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರನ್ನು ಪುನೀತರ ಸಾಲಿಗೆ ಸೇರಿಸಿದರು. ಕಲ್ಲನ್ನು ಓದಿದ್ದು ಅವರ ವಿಶ್ವಾಸಕ್ಕೆ ಅಡ್ಡಿಯಾಗಲಿಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನಮ್ಮ ಊರಿನ ಹಿರಿಯ ಭಟ್ಟರೊಬ್ಬರು ನನಗೆ ಆತ್ಮೀಯರು. "ನಮ್ಮ ಒಂದು ಕಲ್ಪಕ್ಕೆ 432 ಕೋಟಿ ವರ್ಷ. ವಿಜ್ಞಾನ ಈಗ ಅಲ್ಲಿಗೇ ಬಂತು ನೋಡಿ" ಎಂದು ಒಮ್ಮೆ ನಕ್ಕರು. ಕಾಲವನ್ನು ಅಷ್ಟು ದೊಡ್ಡದಾಗಿ ಕಂಡ ಆ ಋಷಿಗಳ ಕಲ್ಪನೆಗೆ ನಾನೂ ತಲೆಬಾಗುತ್ತೇನೆ. ಆದರೆ ಪೂಜೆಯ ಸಂಕಲ್ಪದಲ್ಲಿ ಅವರೇ ಹೇಳುವ ಮನ್ವಂತರದ ಲೆಕ್ಕ ಹಿಡಿದರೆ ಈ ಕಲ್ಪದಲ್ಲಿ ಕಳೆದಿರುವುದು ಸುಮಾರು 197 ಕೋಟಿ ವರ್ಷ. ನಾನು ಅದನ್ನು ಹೇಳಿದಾಗ ಅವರು, "ಹೌದು ಫಾದರ್, ಸಂಕಲ್ಪ ಇರುವುದು ನಾನು ಎಲ್ಲಿ ನಿಂತಿದ್ದೇನೆ ಎಂದು ನೆನಪಿಸಿಕೊಳ್ಳಲು, ಕಲ್ಲು ಅಳೆಯಲು ಅಲ್ಲ" ಎಂದರು. ಎಷ್ಟು ಒಳ್ಳೆಯ ಮಾತು!

ಈ ಆಸೆ ನಮ್ಮವರನ್ನೂ ಬಿಟ್ಟಿಲ್ಲ. ವಿಶ್ವ ಒಂದು ಆದಿಕಣದಿಂದ ಹಿಗ್ಗಿತು ಎಂದು 1931ರಲ್ಲಿ ಹೇಳಿದವರು ಬೆಲ್ಜಿಯಂನ ಕಥೋಲಿಕ ಗುರು ಜಾರ್ಜ್ ಲೆಮೇತ್ರ್. ವಿಜ್ಞಾನದ ಇಂಥ ಸಂಶೋಧನೆಗಳು ಸೃಷ್ಟಿಕರ್ತನಿಗೆ ಸಾಕ್ಷಿ ಎಂಬಂತೆ 1951ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಮಾತನಾಡಿದಾಗ, ಲೆಮೇತ್ರ್ ಅವರಿಗೇ ಅದು ಸರಿಕಾಣಲಿಲ್ಲ. ಅವರ ಆತಂಕ ನ್ಯಾಯವಾದದ್ದು. ಇಂದು ವಿಜ್ಞಾನದ ಊರುಗೋಲು ಹಿಡಿದ ವಿಶ್ವಾಸ, ನಾಳೆ ಆ ಲೆಕ್ಕ ಬದಲಾದರೆ ಮುಗ್ಗರಿಸುತ್ತದೆ.

ಹಾಗಾದರೆ ಆದಿಕಾಂಡ ಏನು ಹೇಳುತ್ತದೆ? ಸೂರ್ಯ ಬರುವುದೇ ನಾಲ್ಕನೇ ದಿನ. ಸೂರ್ಯನಿಲ್ಲದ ಮೊದಲ ಮೂರು ದಿನಗಳು ಎಂಥ ದಿನಗಳು ಎಂದು ಸಂತ ಅಗಸ್ಟೀನರು ಸಾವಿರದ ಆರುನೂರು ವರ್ಷಗಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದರು. ಸುತ್ತಲಿನ ಜನ ಸೂರ್ಯಚಂದ್ರರಿಗೆ ಅಡ್ಡಬೀಳುತ್ತಿದ್ದಾಗ, ಅವು ದೇವರು ತೂಗುಹಾಕಿದ ದೀಪಗಳು ಮಾತ್ರ ಎಂದಿತು ಆ ಗ್ರಂಥ. ಲೋಕ ಒಳ್ಳೆಯದು, ಮನುಷ್ಯ ದೇವರ ಪ್ರತಿರೂಪ, ದುಡಿಯುವವನಿಗೆ ಏಳನೇ ದಿನ ವಿಶ್ರಾಂತಿ ಬೇಕು ಎಂದಿತು. ಈ ಮಾತುಗಳನ್ನು ಯಾವ ಯುರೇನಿಯಂನಿಂದಲೂ ಅಳೆಯಲಾಗದು, ಸುಳ್ಳೆನ್ನಲೂ ಆಗದು.

ತಂದೆತಾಯಂದಿರೇ, ಮಗು ಕೇಳಿದಾಗ ಗದರಬೇಡಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಕೇಳಿ ತಿಳಿಯೋಣ" ಎನ್ನಿ. ಮೇಷ್ಟರು ಸುಳ್ಳು ಹೇಳಿದರು ಎಂದು ಮಾತ್ರ ಹೇಳಬೇಡಿ. ಸುಳ್ಳುಸಾಕ್ಷಿ ಹೇಳಬಾರದೆಂಬ ಕಟ್ಟಳೆ ದೇವರ ಪರವಾಗಿ ಮಾತನಾಡುವಾಗಲೂ ಸಡಿಲವಾಗುವುದಿಲ್ಲ. ದೇವರ ಪಕ್ಷ ವಹಿಸಿ ಸುಳ್ಳಾಡುತ್ತೀರಾ ಎಂದು ಯೋಬನು ತನ್ನ ಗೆಳೆಯರನ್ನು ಕೇಳಿದ್ದು ಅದಕ್ಕೇ.

ಆ ಹುಡುಗನಿಗೆ ನಾನು ಹೇಳಿದೆ: "ಸುಳ್ಳು ಹೇಳಿದವರು ಯಾರೂ ಇಲ್ಲ, ಮಗಾ. ಮೇಷ್ಟರ ಲೆಕ್ಕ ಸರಿ. ಅಜ್ಜನ ಲೆಕ್ಕ ತಪ್ಪು, ಆದರೆ ಅವರ ನಂಬಿಕೆ ತಪ್ಪಲ್ಲ." ಅವನು ಸ್ವಲ್ಪ ಹೊತ್ತು ಯೋಚಿಸಿ, "ಅಜ್ಜನಿಗೆ ಇದನ್ನು ನೀವೇ ಹೇಳುತ್ತೀರಾ?" ಎಂದ.

ಮರುದಿನ ಸಂಜೆ ಅವರ ಮನೆಗೆ ಹೋದೆ. ಅಜ್ಜ ಎಲ್ಲವನ್ನೂ ಕೇಳಿದರು, ಪೂರ್ತಿ ಒಪ್ಪಲಿಲ್ಲ. ಕೊನೆಗೆ ಮೊಮ್ಮಗನ ಕಡೆ ತಿರುಗಿ, "ಆ ಮಾಗೋಡಿಗೆ ನನ್ನನ್ನೂ ಒಮ್ಮೆ ಕರೆದುಕೊಂಡು ಹೋಗು" ಎಂದರು.

ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂದು ದೇವರು ಯೋಬನನ್ನು ಕೇಳುತ್ತಾರೆ. ನಾವ್ಯಾರೂ ಅಲ್ಲಿರಲಿಲ್ಲ, ಅಜ್ಜನೂ ಇಲ್ಲ, ಮೇಷ್ಟರೂ ಇಲ್ಲ, ನಾನೂ ಇಲ್ಲ. ಅಲ್ಲಿದ್ದ ಕಲ್ಲುಗಳು ಹೇಳುವುದನ್ನು ವಿನಯದಿಂದ ಕೇಳಿಸಿಕೊಳ್ಳೋಣ. ಅವುಗಳನ್ನು ಉಂಟುಮಾಡಿದವರೂ ಅದೇ ದೇವರು.